ಗಡಿಯಾಚೆಗಿದ್ದ ಮಾತ್ರೆ

ನಮ್ಮ ಅಜ್ಜಿಯ ಊರು ಜಗಳೂರು ತಾಲ್ಲೂಕಿನ ಉತ್ತರದ ತುದಿಯಲ್ಲಿದೆ. ಮಾಳಿಗೆ ಹತ್ತಿ ನಿಂತರೆ ಎದುರಿಗೆ ಒಂದು ಬೋಳು ಗುಡ್ಡ. ನಾವು ಚಿಕ್ಕವರಿದ್ದಾಗ ಅದರಾಚೆಗಿನದು ಬಳ್ಳಾರಿ ಜಿಲ್ಲೆ, ಈಚೆಗಿನದು ಚಿತ್ರದುರ್ಗ ಜಿಲ್ಲೆ. ನಮಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಆಚೆಯವರೂ ನಮ್ಮ ಹಾಗೇ ಶೇಂಗಾ ಬಿತ್ತುತ್ತಿದ್ದರು, ನಮ್ಮ ಹಾಗೇ ಮಳೆಗೆ ಕಾಯುತ್ತಿದ್ದರು. ಆ ಗೆರೆ ನಮ್ಮ ಮನೆಯ ಒಬ್ಬರ ಬದುಕಿನ ಮಧ್ಯೆಯೇ ಹಾದುಹೋಗಿತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಆ ಒಬ್ಬರು ನಮ್ಮ ಸೋದರಮಾವ. 1983ರ ಸುಮಾರಿಗೆ, ಇಪ್ಪತ್ತೈದು ದಾಟುವ ಮೊದಲೇ, ಮಾವ ರಾತ್ರಿ ಮಲಗುವುದನ್ನು ಬಿಟ್ಟರು. ಆಮೇಲೆ ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಅನ್ನತೊಡಗಿದರು. ಅಜ್ಜಿ ಮಾಡಿದ ರೊಟ್ಟಿ ಮುಟ್ಟುತ್ತಿರಲಿಲ್ಲ. ಊರವರು ಮೊದಲು "ಗಾಳಿ ಸೋಕಿದೆ" ಅಂದರು, ಆಮೇಲೆ "ಯಾರೋ ಮಾಡಿಸಿದ್ದಾರೆ" ಅಂದರು, ಕೊನೆಗೆ "ತಲೆ ಕೆಟ್ಟಿದೆ" ಅಂದು ಸುಮ್ಮನಾದರು. ಈ ಮೂರು ಮಾತಿನ ನಡುವೆ ಎರಡು ವರ್ಷ ಕಳೆದುಹೋಗಿತ್ತು.

ಮೊದಲು ಕರೆದುಕೊಂಡು ಹೋದದ್ದು ಉಕ್ಕಡಗಾತ್ರಿಗೆ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಅದು. ಗಾಳಿ, ದೆವ್ವ, ಮಾಟ ಅಂತ ಹೆದರಿದವರು ನಾಲ್ಕೂ ದಿಕ್ಕಿನಿಂದ ಅಲ್ಲಿಗೆ ಬರುತ್ತಾರೆ. ಹೊಳೆಯಲ್ಲಿ ಮಿಂದು ಗದ್ದುಗೆಯ ಮುಂದೆ ಕೂರುತ್ತಾರೆ. ಜಾತಿ ಯಾವುದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಅದನ್ನು ಗೇಲಿ ಮಾಡುವ ಬರಹ ಇದಲ್ಲ. ಅಮಾವಾಸ್ಯೆಯ ಹಿಂದಿನ ರಾತ್ರಿ ಅಲ್ಲಿ ಮಲಗಿದ ಅಜ್ಜಿಗೆ, ತನ್ನ ಮಗನಂಥ ಮಕ್ಕಳು ಇನ್ನೂ ಎಷ್ಟೋ ಜನರಿಗೆ ಇದ್ದಾರೆ ಅಂತ ಮೊದಲ ಸಲ ಕಂಡಿತ್ತು. ಅದೂ ಒಂದು ಸಮಾಧಾನವೇ. ಮಾವನಿಗೆ ಮಾತ್ರ ಗುಣವಾಗಲಿಲ್ಲ.

ಧಾರವಾಡ ಇಲ್ಲಾ ಬೆಂಗಳೂರು

ಆ ಕಾಲಕ್ಕೆ ನಮ್ಮ ಭಾಗದಿಂದ ಈ ಕಾಯಿಲೆಗೆ ದೂರದ ಎರಡು ದಾರಿ ಇದ್ದವು. ಎರಡೂ ಬೈಗುಳದ ರೂಪದಲ್ಲೇ ಎಲ್ಲರಿಗೂ ಪರಿಚಯ. "ನಿನ್ನ ಧಾರವಾಡಕ್ಕೆ ಸೇರಿಸಬೇಕು" ಅಂದರೆ ಯೂನಿವರ್ಸಿಟಿಗೆ ಅಂತ ಯಾರೂ ತಿಳಿಯುತ್ತಿರಲಿಲ್ಲ :) ಬೆಂಗಳೂರಿನ ಕಡೆ ಅದೇ ಮಾತನ್ನು ನಿಮ್ಹಾನ್ಸ್ ಹೆಸರಲ್ಲಿ ಹೇಳುತ್ತಿದ್ದರು.

ಎರಡೂ ಹಳೆಯ ಸಂಸ್ಥೆಗಳು. ಧಾರವಾಡದ್ದು ಮುಂಬೈ ಪ್ರಾಂತ್ಯದ ಕಾಲದ್ದು, ಬೆಂಗಳೂರಿನದು ಮೈಸೂರು ಸಂಸ್ಥಾನದ್ದು. ಎರಡರ ಬೇರೂ 19ನೇ ಶತಮಾನದ ನಡುಭಾಗದಲ್ಲಿದೆ. ಆಗ ಅವಕ್ಕೆ ಇದ್ದ ಹೆಸರು ಹುಚ್ಚರ ಆಸ್ಪತ್ರೆ. ಬೆಂಗಳೂರಿನದಕ್ಕೆ 1925ರಲ್ಲಿ ಮಾನಸಿಕ ಆಸ್ಪತ್ರೆ ಅಂತ ಹೆಸರು ಬದಲಾಯಿತು. 1954ರಲ್ಲಿ ಅದಕ್ಕೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿಕೊಂಡಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು.

ಕಾನೂನು ಮಾತ್ರ ಹಳೆಯದೇ. 1912ರ ಲೂನಸಿ ಕಾಯ್ದೆಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಸೇರಿಸುವ ಮುಖ್ಯ ದಾರಿ ಹಾದುಹೋಗುತ್ತಿದ್ದುದು ಮ್ಯಾಜಿಸ್ಟ್ರೇಟರ ಮುಂದೆ, ಅಂದರೆ ಕೋರ್ಟು, ಪೊಲೀಸು. ಸ್ವತಂತ್ರ ಬಂದ ಮೇಲೂ ಅದೇ ಕಾಯ್ದೆ ನಡೆಯಿತು. 1987ರಲ್ಲಿ ಹೊಸ ಕಾಯ್ದೆ ಬಂದರೂ ಅದು ಜಾರಿಯಾದದ್ದು 1993ರಲ್ಲಿ. ಆಸ್ಪತ್ರೆ ಅಂದರೆ ಜೈಲು ಅಂತ ಹಳ್ಳಿಯವರು ತಿಳಿದುಕೊಂಡಿದ್ದರೆ ಅದು ಬರೀ ಮೂಢನಂಬಿಕೆ ಅಲ್ಲ. ಕಾಗದದ ಮೇಲೂ ಅದು ಸುಮಾರಾಗಿ ಹಾಗೇ ಇತ್ತು.

ಮಾವನನ್ನು ಬೆಂಗಳೂರಿಗೆ ಕರೆದುಕೊಂಡು ಹೋದದ್ದು 1986ರಲ್ಲಿ. ಜಗಳೂರಿನಿಂದ ದಾವಣಗೆರೆಗೆ ಸುಮಾರು 50 ಕಿಲೋಮೀಟರು, ಅಲ್ಲಿಂದ ಬೆಂಗಳೂರಿಗೆ ಸುಮಾರು 260. ಅಜ್ಜ ಎರಡು ಚೀಲ ಶೇಂಗಾ ಮಾರಿ ದುಡ್ಡು ಹೊಂದಿಸಿದರು. ಮಾವ ಅಲ್ಲಿ ಒಂದೂವರೆ ತಿಂಗಳಿದ್ದರು. ವಾಪಸ್ಸು ಬಂದಾಗ ನಾನು ಅವರನ್ನು ನೋಡಿದ್ದು ನೆನಪಿದೆ. ಸ್ವಲ್ಪ ನಿಧಾನ ನಡೆಯುತ್ತಿದ್ದರು, ಕೈ ನಡುಗುತ್ತಿತ್ತು. ಆದರೆ ರೊಟ್ಟಿ ತಿನ್ನುತ್ತಿದ್ದರು, ನಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅಜ್ಜಿ ಆ ವರ್ಷ ಊರಿಗೆಲ್ಲ ಹೋಳಿಗೆ ಹಂಚಿದಳು.

ಆಮೇಲೆ ಮಾತ್ರೆ ಮುಗಿಯಿತು.

ಇಷ್ಟೇ ಕಥೆ. ಇದರಲ್ಲಿ ಖಳನಾಯಕ ಯಾರೂ ಇಲ್ಲ. ಮಾತ್ರೆ ತರಬೇಕೆಂದರೆ ಮತ್ತೆ ಹೋಗಿ ಬರಲು ಮೂರು ದಿನ, ಜೊತೆಗೆ ಒಬ್ಬರು, ಇಬ್ಬರ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. "ಈಗ ಚೆನ್ನಾಗೇ ಇದಾನಲ್ಲ" ಅಂತ ಅಜ್ಜನೂ ಅಂದರು. ಈ ಕಾಯಿಲೆಯ ಮೋಸವೇ ಅದು. ಮಾತ್ರೆ ನಿಲ್ಲಿಸಿದ ಮರುದಿನ ಏನೂ ಆಗುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಚೆನ್ನಾಗಿಯೇ ಇರುತ್ತಾರೆ. ಹಾಗಾಗಿ ಮಾತ್ರೆ ನಿಂತದ್ದಕ್ಕೂ ಕಾಯಿಲೆ ಮರಳಿದ್ದಕ್ಕೂ ಸಂಬಂಧವಿದೆ ಅಂತ ಯಾರಿಗೂ ಅನ್ನಿಸುವುದಿಲ್ಲ. "ನೋಡು, ಇಂಗ್ಲಿಷ್ ಔಷಧಿಯೂ ನಾಟಲಿಲ್ಲ" ಅನ್ನುತ್ತಾರೆ. ಮಾವ ಹಿತ್ತಲ ಕೋಣೆ ಸೇರಿದರು. ಆ ಕೋಣೆಯ ಚಿಲಕ ಹೊರಗಡೆಯಿಂದ ಇತ್ತು.

ಗುಡ್ಡದ ಆಚೆ

ಈಗ ಗುಡ್ಡದ ಆಚೆಗೆ ಬರೋಣ.

1970ರ ದಶಕದಲ್ಲೇ ನಿಮ್ಹಾನ್ಸಿನ ಕೆಲವು ವೈದ್ಯರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಆಸ್ಪತ್ರೆಯ ಗೇಟಿನ ಹತ್ತಿರ ಕೂತು ಕಾದರೆ ದೇಶದ ರೋಗಿಗಳಲ್ಲಿ ಬಹುಪಾಲು ಜನ ಬರುವುದೇ ಇಲ್ಲ. ಆರ್. ಎಲ್. ಕಪೂರ್ ಅವರು ಮೊರಿಸ್ ಕಾರ್‌ಸ್ಟೇರ್ಸ್ ಜೊತೆ ಸೇರಿ ಕರಾವಳಿಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಮನೆಗೆ ಹೋಗಿ ಮಾನಸಿಕ ತೊಂದರೆಗಳ ಅಧ್ಯಯನ ಮಾಡಿದ್ದರು. ಅದು 1976ರಲ್ಲಿ ಪುಸ್ತಕವಾಗಿ ಬಂತು. ಅದೇ ಸುಮಾರಿಗೆ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ನಿಮ್ಹಾನ್ಸ್ ಒಂದು ಗ್ರಾಮೀಣ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೆ, ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಸ್ವಲ್ಪ ತರಬೇತಿ ಕೊಟ್ಟರೆ ಸಾಕೇ ಅನ್ನುವುದು ಪ್ರಶ್ನೆ. ಸಾಕು ಅನ್ನುವ ಉತ್ತರ ಬಂತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಪರೀಕ್ಷಿಸಿ ನೋಡಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ.

ಅಲ್ಲಿ ಮಾಡಿದ್ದು ಬಹಳ ಸರಳ. ಜಿಲ್ಲೆಗೆ ಒಬ್ಬ ಮನೋವೈದ್ಯ. ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಚಿಕ್ಕ ತರಬೇತಿ. ಕಾಯಿಲೆ ಗುರುತಿಸುವುದು ಹೇಗೆ ಅಂತ ಕಾರ್ಯಕರ್ತರಿಗೆ ಪಾಠ. ಬೆರಳೆಣಿಕೆಯ ಔಷಧಿಗಳು, ಅದೂ ಉಚಿತ. ರೋಗಿಯ ಬಗ್ಗೆ ಸುಲಭದ ಒಂದು ದಾಖಲೆ. ಬಾರದಿದ್ದವರ ಮನೆಗೆ ಹೋಗಿ ಕೇಳುವುದು. ಇಡೀ ದೇಶ ಮುಂದೆ ಇದನ್ನು ಬಳ್ಳಾರಿ ಮಾದರಿ ಅಂತ ಕರೆಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದರ ಮೇಲೇ ನಿಂತಿದೆ.

ಇಸವಿಗಳನ್ನು ಇನ್ನೊಮ್ಮೆ ನೋಡಿ. ಮಾವನ ಮಾತ್ರೆ ಮುಗಿದದ್ದು 1987ರಲ್ಲಿ. ಆಗ ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಎರಡೂ ಜಗಳೂರಿಗೆ ತಾಗಿಕೊಂಡ ತಾಲ್ಲೂಕುಗಳು. ಬೆಂಗಳೂರಿಗೆ ಹೋಗಿ ತರಬೇಕು ಅಂತ ನಾವು ತಿಳಿದುಕೊಂಡಿದ್ದ ಮಾತ್ರೆ, ಗುಡ್ಡ ದಾಟಿದರೆ ಯಾವುದೋ ಒಂದು ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಇದ್ದಿರಬಹುದು. ಸಂತೆಗೆ ಎತ್ತಿನ ಗಾಡಿಯಲ್ಲಿ ನಾವು ಹೋಗುತ್ತಿದ್ದಷ್ಟೇ ದೂರ. ಯಾರೂ ಬೇಡ ಅನ್ನುತ್ತಿರಲಿಲ್ಲವೇನೋ. ಆದರೆ ನಮಗೆ ಹೇಳಿದವರಿಲ್ಲ. ಹೇಳುವವರಿಗೆ ಕೊಟ್ಟ ಪಟ್ಟಿಯಲ್ಲಿ ನಮ್ಮ ಊರಿನ ಹೆಸರಿರಲಿಲ್ಲ, ಯಾಕೆಂದರೆ ನಾವು ಬೇರೆ ಜಿಲ್ಲೆ.

ಈ ವಿಷಯ ನಾನು ಓದಿದ್ದು ಎಷ್ಟೋ ವರ್ಷ ಕಳೆದ ಮೇಲೆ, ಆಫೀಸಿನಲ್ಲಿ ಊಟದ ಹೊತ್ತಿಗೆ, ಬೇರೇನನ್ನೋ ಹುಡುಕುವಾಗ. ಆ ದಿನ ಡಬ್ಬಿ ಹಾಗೇ ಮುಚ್ಚಿಟ್ಟು ಎದ್ದುಬಿಟ್ಟೆ.

ನಾಲ್ಕು ತಾಲ್ಲೂಕು, ನಾಲ್ಕು ದಾರಿ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯಿತು. ಮುಖ್ಯಮಂತ್ರಿಯಾಗಿದ್ದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ. ಎಚ್. ಪಟೇಲರು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ ಬಂದು ಸೇರಿದವು. ತಮಾಷೆ ನೋಡಿ, ಬಳ್ಳಾರಿ ಮಾದರಿ ಕಂಡಿದ್ದ ಹರಪನಹಳ್ಳಿಯೂ ಕಾಣದ ಜಗಳೂರೂ ಈಗ ಒಂದೇ ಜಿಲ್ಲೆ! 2018ರಲ್ಲಿ ಹರಪನಹಳ್ಳಿ ವಾಪಸ್ಸು ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅದೇ 2018ರಲ್ಲಿ ಹೊನ್ನಾಳಿಯಿಂದ ಒಡೆದು ನ್ಯಾಮತಿ ತಾಲ್ಲೂಕಾಯಿತು.

ನಕ್ಷೆಯಲ್ಲಿ ಒಂದಾದರೂ ಈ ತಾಲ್ಲೂಕುಗಳ ರೋಗಿಗಳು ಹಳೆಯ ದಾರಿಯಲ್ಲೇ ನಡೆದರು. ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ಶಿವಮೊಗ್ಗ ಹತ್ತಿರ. ಅಲ್ಲಿ ಡಾ. ಅಶೋಕ್ ಪೈ ಇದ್ದರು. 2016ರಲ್ಲಿ ತೀರಿಕೊಂಡ ಅವರು ಬರೀ ಔಷಧಿ ಬರೆದವರಲ್ಲ. ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಬರೆದರು, 'ಕಾಡಿನ ಬೆಂಕಿ'ಯಂಥ ಸಿನಿಮಾ ಬರಲು ಕಾರಣರಾದರು. ಬೆಂಗಳೂರಿನಿಂದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಟ್ಟ ಪುಟ್ಟ ಪುಸ್ತಕಗಳು ಬರುತ್ತಿದ್ದವು. ಖಿನ್ನತೆ ಅನ್ನುವ ಪದವನ್ನು ನಮ್ಮಲ್ಲಿ ಎಷ್ಟೋ ಜನ ಮೊದಲು ಓದಿದ್ದೇ ಅವರ ಬರಹದಲ್ಲಿ. ಜಾಗೃತಿ ಅಂದರೆ ಬರೀ ಬ್ಯಾನರು, ಜಾಥಾ ಅಲ್ಲ. ನಮಗೆ ಆಗುತ್ತಿರುವುದಕ್ಕೆ ನಮ್ಮ ಭಾಷೆಯಲ್ಲಿ ಒಂದು ಹೆಸರು ಸಿಗುವುದೂ ಜಾಗೃತಿಯೇ.

ಹೆಸರಿನ ವಿಷಯಕ್ಕೆ ಬಂದರೆ ಪ್ರತಿ ಸಮುದಾಯಕ್ಕೂ ಅದರದ್ದೇ ಪದ, ಅದರದ್ದೇ ಬಾಗಿಲು. ಕೆಲವರಿಗೆ ಗದ್ದುಗೆ, ಕೆಲವರಿಗೆ ದರ್ಗಾ, ಕೆಲವರಿಗೆ ಚೌಡಮ್ಮ, ಕೆಲವರಿಗೆ ಮಂತ್ರಿಸಿದ ದಾರ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಊರು, ಲಂಬಾಣಿಗರ ದೊಡ್ಡ ಯಾತ್ರಾಸ್ಥಳ. ತಾಂಡಾಗಳ ಜನ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಅಂತ ತಿಂಗಳುಗಟ್ಟಲೆ ಗುಳೆ ಹೋಗುತ್ತಾರೆ. ಅಂಥವರಿಗೆ "ಮುಂದಿನ ತಿಂಗಳು ಇದೇ ತಾರೀಕಿಗೆ ಬನ್ನಿ" ಅಂದರೆ ಅದು ಬಾರದ ತಾರೀಕು. ಚನ್ನಗಿರಿಯ ಅಡಿಕೆ ತೋಟದ ಮನೆಯವರಿಗೆ ದುಡ್ಡಿನ ಕಷ್ಟ ಅಷ್ಟಿಲ್ಲ. ಅವರಿಗೆ ಇನ್ನೊಂದು ಕಷ್ಟ: ಮಗಳಿಗೆ ಗಂಡು ನೋಡುವಾಗ ಗೊತ್ತಾಗಬಾರದು. ಅದಕ್ಕೇ ಯಾರೂ ಗುರುತಿಸದ ದೂರದ ಊರಿನ ಡಾಕ್ಟರು. ಜಗಳೂರಿನವನು ದೂರವಾದ್ದರಿಂದ ಹೋಗಲಾರ, ಚನ್ನಗಿರಿಯವನು ಹತ್ತಿರವಾದ್ದರಿಂದ ಹೋಗಲಾರ!

ಹೆಣ್ಣುಮಕ್ಕಳದ್ದು ಬೇರೆಯೇ ಲೆಕ್ಕ. ಗಂಡಸಿಗೆ ಕಾಯಿಲೆಯಾದರೆ ಹೆಂಡತಿ ನೋಡಿಕೊಳ್ಳುತ್ತಾಳೆ, ಹೆಂಡತಿಗಾದರೆ ತವರಿಗೆ ಬಿಟ್ಟು ಬರುತ್ತಾರೆ. ತ್ರಿವೇಣಿಯವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದು 1971ರಲ್ಲಿ. ಎಲ್ಲರೂ ಕಲ್ಪನಾ ಅವರ ಅಭಿನಯ ನೆನೆಯುತ್ತಾರೆ. ನನಗೆ ಕಾಡುವುದು ಆ ಕಥೆಯ ಮೂಲ ಪ್ರಶ್ನೆ. ಅವಳಿಗೆ ಆಸ್ಪತ್ರೆಯಲ್ಲಿ ಗುಣವಾಗಿತ್ತು. ಮನೆಗೆ ಬಂದ ಮೇಲೆ ಯಾರೂ ಅದನ್ನು ನಂಬಲಿಲ್ಲ. ಔಷಧಿ ಆಸ್ಪತ್ರೆಯಲ್ಲಿ ಸಿಗುತ್ತದೆ, ನಂಬಿಕೆ ಎಲ್ಲಿ ಸಿಗುತ್ತದೆ?

ಮನೆ ಬಾಗಿಲಿಗೆ ಬಂದವರು

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದ ರೋಗಿಗಳು ತಪ್ಪಿಸಿಕೊಳ್ಳಲಾಗದೆ ಸತ್ತರು. ಸತ್ತವರು 28 ಜನ. ಆ ಸುದ್ದಿ ಟೀವಿಯಲ್ಲಿ ಬಂದಾಗ ಅಜ್ಜಿ ಎದ್ದು ಹಿತ್ತಲಿಗೆ ಹೋದಳು. ಆ ದಿನದಿಂದ ಆ ಕೋಣೆಗೆ ಚಿಲಕ ಹಾಕಲಿಲ್ಲ. ಕಾನೂನು, ಕಾರ್ಯಕ್ರಮ ಯಾವುದೂ ನಮ್ಮ ಮನೆಗೆ ಬರುವ ಮೊದಲು ಬಂದದ್ದು ಅದೊಂದು ಹೆದರಿಕೆ.

ಆಮೇಲಿನ ವರ್ಷಗಳಲ್ಲಿ ನಿಧಾನವಾಗಿ ಒಂದೊಂದೇ ಬಂತು. 2005ರಲ್ಲಿ ನಿಮ್ಹಾನ್ಸಿನವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತೀವ್ರ ಮಾನಸಿಕ ಕಾಯಿಲೆಯವರನ್ನು ಊರಲ್ಲೇ ಹುಡುಕಿ ಚಿಕಿತ್ಸೆ ಕೊಡಲು ಶುರುಮಾಡಿದರು. ವರ್ಷಗಟ್ಟಲೆ ಚಿಕಿತ್ಸೆ ಕಾಣದೆ ಇದ್ದವರೂ ಔಷಧಿ ತಪ್ಪದೆ ಸಿಕ್ಕರೆ ಮತ್ತೆ ಕೆಲಸಕ್ಕೆ ಬರುತ್ತಾರೆ ಅನ್ನುವುದನ್ನು ತೋರಿಸಿದರು. 2014ರಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಬಂತು. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವ ವ್ಯವಸ್ಥೆ. 2016ರಲ್ಲಿ ನಮ್ಮ ಜಿಲ್ಲೆಗೆ ಇನ್ನೊಂದು ಕೆಲಸ ಬಂತು. ಅದರ ಹಿಂದಿನ ವರ್ಷ ದೀಪಿಕಾ ಪಡುಕೋಣೆ ತನಗೆ ಖಿನ್ನತೆ ಇತ್ತು ಅಂತ ಬಹಿರಂಗವಾಗಿ ಹೇಳಿ, ಲಿವ್ ಲವ್ ಲಾಫ್ ಅನ್ನುವ ಪ್ರತಿಷ್ಠಾನ ಕಟ್ಟಿದ್ದರು. ಅದು ತನ್ನ ಗ್ರಾಮೀಣ ಕಾರ್ಯಕ್ರಮಕ್ಕೆ ದಾವಣಗೆರೆ ಜಿಲ್ಲೆಯನ್ನು ಆರಿಸಿಕೊಂಡು, ಅಂಗವಿಕಲರ ನಡುವೆ 1959ರಿಂದ ಕೆಲಸ ಮಾಡುತ್ತಿರುವ ಬೆಂಗಳೂರಿನ ಎಪಿಡಿ ಸಂಸ್ಥೆಯ ಜೊತೆ ಸೇರಿತು. ಜಗಳೂರಿನಲ್ಲಿ ನಿಮ್ಹಾನ್ಸ್, ಜಿಲ್ಲಾ ಕಾರ್ಯಕ್ರಮ ಎಲ್ಲ ಕೈಜೋಡಿಸಿದವು. ಮನೆ ಹತ್ತಿರವೇ ಚಿಕಿತ್ಸೆ ಸಿಕ್ಕಾಗ ಜಗಳೂರಿನ ಕುಟುಂಬಗಳು ಕೈಯಿಂದ ಹಾಕುತ್ತಿದ್ದ ಖರ್ಚು ಇಳಿಯಿತು ಅಂತ 2019ರಲ್ಲಿ ಅಧ್ಯಯನವೂ ಬಂತು. ಎರಡು ಚೀಲ ಶೇಂಗಾ ಮಾರಿದ್ದ ನಮ್ಮ ಅಜ್ಜನಿಗೆ ಇದನ್ನು ಹೇಳಬೇಕಿತ್ತು. ಅಷ್ಟರಲ್ಲಿ ಅಜ್ಜ ಇರಲಿಲ್ಲ.

ನಮ್ಮ ಮನೆಗೆ ಬಂದದ್ದು ಆಶಾ ಕಾರ್ಯಕರ್ತೆ. 2017ರ ಬೇಸಿಗೆ. ಅದೇ ಊರಿನ ಸೊಸೆ, ನಮ್ಮ ಅತ್ತೆಗೆ ವರಸೆಯಲ್ಲಿ ತಂಗಿ. ಮೊದಲ ದಿನ ಕಾಯಿಲೆಯ ಮಾತೇ ಎತ್ತಲಿಲ್ಲ. ಬಂದಳು, ನೀರು ಕುಡಿದಳು, "ಮಾಮಾ, ಆರಾಮಿದೀರಾ?" ಅಂದಳು. ಮಾವನನ್ನು ಯಾರಾದರೂ ಆ ಪ್ರಶ್ನೆ ಕೇಳಿ ಎಷ್ಟು ವರ್ಷವಾಗಿತ್ತೋ. ನಾಲ್ಕನೇ ಸಲ ಬಂದಾಗ ತಾಲ್ಲೂಕು ಆಸ್ಪತ್ರೆಯ ಮಾತು ತೆಗೆದಳು. ಬೆಂಗಳೂರಿಗೆ 1986ರಲ್ಲಿ ಹೋಗಿದ್ದ ಕುಟುಂಬ 2017ರಲ್ಲಿ ಜಗಳೂರಿಗೆ ಹೋಯಿತು. ಮೂವತ್ತೊಂದು ವರ್ಷ.

ಇಷ್ಟಾಗಿ ಎಲ್ಲ ಸರಿಹೋಯಿತೇ ಅಂದರೆ ಇಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳುವಂತೆ ವಯಸ್ಕರಲ್ಲಿ ನೂರಕ್ಕೆ ಸುಮಾರು 10.6 ಜನರಿಗೆ ಯಾವುದಾದರೂ ಮಾನಸಿಕ ತೊಂದರೆ ಇತ್ತು. ಅಂಥವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇಕಡಾ 70ರಿಂದ 92. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅಂತ ಒಪ್ಪಿದೆ, ಸರಪಳಿ ಹಾಕುವುದನ್ನು ನಿಷೇಧಿಸಿದೆ, ಜೀವ ಕಳೆದುಕೊಳ್ಳಲು ಹೊರಟವರನ್ನು ಅಪರಾಧಿ ಅನ್ನಬಾರದು, ಆರೈಕೆ ಮಾಡಬೇಕು ಅಂದಿದೆ. ಬರ ಬಿದ್ದ ವರ್ಷಗಳನ್ನು ಕಂಡ ನಮ್ಮ ತಾಲ್ಲೂಕಿಗೆ ಆ ಕೊನೆಯ ಮಾತಿನ ಬೆಲೆ ಗೊತ್ತು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ನಂಬರನ್ನು ಅಜ್ಜಿಮನೆಯ ಕ್ಯಾಲೆಂಡರಿನ ಮೇಲೆ ನಾನೇ ದಪ್ಪಗೆ ಬರೆದಿಟ್ಟು ಬಂದಿದ್ದೇನೆ.

ಆದರೆ ಇಷ್ಟು ಇತಿಹಾಸ ತಿರುವಿ ಹಾಕಿದ ಮೇಲೆ ನನಗೆ ಅನ್ನಿಸಿದ್ದು ಒಂದೇ. 1985ರಲ್ಲೇ ನಮಗೆ ಉತ್ತರ ಗೊತ್ತಿತ್ತು. ಮಾತ್ರೆ ಹತ್ತಿರ ಇರಬೇಕು, ತಪ್ಪದೆ ಇರಬೇಕು, ಬಾರದವನ ಮನೆಗೆ ಯಾರಾದರೂ ಹೋಗಿ ಕೇಳಬೇಕು. ಹೊಸದಾಗಿ ಕಂಡುಹಿಡಿಯಬೇಕಾದದ್ದು ಏನೂ ಇರಲಿಲ್ಲ. ಗೊತ್ತಿದ್ದ ಉತ್ತರ ಒಂದು ಗುಡ್ಡ ದಾಟಿ ಬರಲು ಮೂವತ್ತು ವರ್ಷ ತೆಗೆದುಕೊಂಡಿತು. ಅದಕ್ಕೇ ಹೊಸ ಯೋಜನೆ ಅಂತ ಯಾರಾದರೂ ಘೋಷಿಸಿದಾಗ ನಾನು ಮೊದಲು ಕೇಳುವುದು ಇದನ್ನು: ಗೆರೆ ಎಲ್ಲಿ ಎಳೆದಿದ್ದೀರಿ? ಗೆರೆಯಾಚೆ ಯಾರಿದ್ದಾರೆ?

ಮಾವನಿಗೆ ಈಗ ಅರವತ್ತೈದು ದಾಟಿದೆ. ಕಳೆದುಹೋದ ವರ್ಷಗಳು ವಾಪಸ್ಸು ಬರಲಿಲ್ಲ. ಮದುವೆ ಇಲ್ಲ, ಹಲ್ಲು ಬಹಳ ಉಳಿದಿಲ್ಲ. ಒಮ್ಮೊಮ್ಮೆ ಈಗಲೂ ಯಾರ ಜೊತೆಗೋ ಸಣ್ಣಗೆ ಮಾತಾಡಿಕೊಳ್ಳುತ್ತಾರೆ. ಆದರೆ ಎರಡು ಆಡು ಸಾಕಿದ್ದಾರೆ, ಅವನ್ನು ಮೇಯಿಸಿಕೊಂಡು ಬರುತ್ತಾರೆ, ಲೆಕ್ಕ ತಪ್ಪುವುದಿಲ್ಲ. ನಮ್ಮ ಕಡೆ ಮಂಗಳವಾರ ಒಳ್ಳೆ ಕೆಲಸ ಶುರುಮಾಡುವುದಿಲ್ಲ. ಅಜ್ಜಿಯಂತೂ ಬದುಕಿರುವವರೆಗೆ ಮಂಗಳವಾರ ಯಾರನ್ನೂ ಮನೆಯಿಂದ ಕಳಿಸಿದವಳಲ್ಲ. ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ಮಾತ್ರ ಅವಳೇ ಬಾಗಿಲಲ್ಲಿ ನಿಂತು, "ಹೋಗಿ ಬಾರಪ್ಪ, ಇದು ದೇವಿ ವಾರ, ಒಳ್ಳೇದೇ ಆಗ್ತದೆ" ಅಂದಿದ್ದಳಂತೆ.

ಕಳೆದ ಸಲ ಊರಿಗೆ ಹೋದಾಗ ಮಾವ ಕಟ್ಟೆಯ ಮೇಲೆ ಕೂತಿದ್ದರು. ನನ್ನ ನೋಡಿ ಹೆಸರು ಹಿಡಿದು ಕರೆದರು. ಆಮೇಲೆ ಕೇಳಿದರು: "ಮಂಗಳವಾರ ಯಾವತ್ತೋ? ಮಾತ್ರೆ ಇನ್ನು ನಾಕೇ ಅದಾವೆ."

ಮನೆಯವರಿಗಿಂತ ಮೊದಲು ಅವರೇ ಎಣಿಸಿ ಇಟ್ಟುಕೊಂಡಿದ್ದರು.

ನಿಮ್ಮೂರಲ್ಲೂ ಇಂಥ ಒಂದು ಗುಡ್ಡ ಇದ್ದೀತು, ಇಂಥ ಒಂದು ಹಿತ್ತಲ ಕೋಣೆಯೂ. ಗೊತ್ತಿದ್ದರೆ ಬರೆಯಿರಿ. ಹೆಸರು ಬೇಡ, ಊರೂ ಬೇಡ. ಕೋಣೆಯ ಚಿಲಕ ಯಾವ ಕಡೆಯಿಂದ ಇದೆ ಅಂತ ನೋಡಿ ಬಂದರೆ ಸಾಕು.